ಹಳೇ ಕಾರಿನ ಎಂಜಿನ್‌ಗೆ ಬೆಂಕಿ: ಯಾವ ಪೈಪು, ಯಾವ ಸ್ವಿಚ್, ಯಾವ ಸಿಲಿಂಡರ್?

ಹೋದ ವರ್ಷ ಒಂದು ದಿನ ನಮ್ಮ ಅಂಬಾಸಿಡರ್‌ನ ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂತು. ಹಳೇ ಕಾರಲ್ವಾ, ಸ್ವಲ್ಪ ವಾಸನೆ ಇದ್ದದ್ದೇ ಅಂತ ಎಷ್ಟೋ ದಿನದಿಂದ ಸುಮ್ನೆ ಇದ್ದೆ. ಅವತ್ತು ಯಾಕೋ ಕಾರ್ಬೊರೇಟರ್‌ಗೆ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿದೆ. ಬಾಗಿದ ಕಡೆಯೆಲ್ಲ ಸಣ್ಣ ಸಣ್ಣ ಬಿರುಕುಗಳು ಬಾಯಿ ಬಿಟ್ಟವು. ಉಗುರಲ್ಲಿ ಒತ್ತಿದರೆ ರಬ್ಬರ್ ಕರಿ ಪುಡಿಯಾಗಿ ಬೆರಳಿಗೆ ಅಂಟಿತು. ಕ್ಲಿಪ್ಪಿನ ಅಂಚಿನಲ್ಲಿ ಒಂದು ಹನಿ ಪೆಟ್ರೋಲ್ ನಿಂತಿತ್ತು. ಅದು ಬಿದ್ದರೆ ನೇರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೇ, ಅಂದರೆ ಎಂಜಿನ್ನಿನ ಬಿಸಿ ಹೊಗೆ ಹೊರಗೆ ಹೋಗುವ ಕೊಳವೆಯ ಮೇಲೇ ಬೀಳಬೇಕು.

ಆ ಪೈಪು ಹಾಕಿಸಿ ಎರಡು ವರ್ಷವೂ ಆಗಿರಲಿಲ್ಲ. ಡಿಕ್ಕಿಯಲ್ಲಿ, ಸ್ಟೆಪ್ನಿ ಪಕ್ಕದಲ್ಲಿ, ಒಂದು ಫೈರ್ ಸಿಲಿಂಡರ್ ಬಿದ್ದುಕೊಂಡಿತ್ತು. ತೆಗೆದು ನೋಡಿದರೆ ಮೀಟರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿತ್ತು. ಅಂದರೆ ಬೆಂಕಿ ಹತ್ತಿದ್ದರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಿಂದಿನ ಭಾನುವಾರವಷ್ಟೇ ಆ ಕಾರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಹತ್ತಿದ್ದೆ.

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಪೈಪು, ಬ್ಯಾಟರಿ ಸ್ವಿಚ್, ಸಿಲಿಂಡರ್, ತಾನೇ ಸಿಡಿದು ಬೆಂಕಿ ಆರಿಸುವ ಟ್ಯೂಬು. ಎಲ್ಲದರಲ್ಲೂ ನಾಲ್ಕಾರು ಬಗೆ, ಎಲ್ಲರೂ ತಮ್ಮದೇ ಒಳ್ಳೆಯದು ಅನ್ನುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಮೊದಲು ಪೈಪಿಗೆ, ಆಮೇಲೆ ಸ್ವಿಚ್ಚಿಗೆ, ಸಿಲಿಂಡರ್‌ಗೆ ಮೂರನೆಯದಾಗಿ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಒಂದು ಸಿಲಿಂಡರ್ ತಂದಿಟ್ಟು ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಒಂದು ಕೆಜಿ ಸಿಲಿಂಡರ್ ಖಾಲಿಯಾಗಲು ಎಂಟು ಹತ್ತು ಸೆಕೆಂಡ್ ಸಾಕು. ಪೆಟ್ರೋಲ್ ಇನ್ನೂ ತೊಟ್ಟಿಕ್ಕುತ್ತಿದ್ದರೆ, ಮ್ಯಾನಿಫೋಲ್ಡ್ ಇನ್ನೂ ಕಾದಿದ್ದರೆ, ಆರಿದ ಬೆಂಕಿ ಮತ್ತೆ ಹತ್ತುತ್ತದೆ. ಆಗ ಕೈಯಲ್ಲಿರುವುದು ಖಾಲಿ ಡಬ್ಬಿ.

ಬೆಂಕಿ ಎಲ್ಲಿಂದ ಬರುತ್ತದೆ

ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಭಾರ, ಹಾಗಾಗಿ ಮೇಲೆ ಹಾರಿಹೋಗದೆ ಎಂಜಿನ್ ತಳದಲ್ಲಿ ಸೇರಿಕೊಳ್ಳುತ್ತದೆ. ಕಿಡಿ ಇಲ್ಲದೆಯೂ ಸುಮಾರು 250ರಿಂದ 280 ಡಿಗ್ರಿ ಬಿಸಿಗೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬಲ್ಲದು. ಘಾಟಿ ಹತ್ತುವ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದಕ್ಕಿಂತ ಜಾಸ್ತಿ ಕಾದಿರುತ್ತದೆ.

ಹಳೇ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಇದರಲ್ಲಿ ಪೆಟ್ರೋಲ್ ಒಳಗೆ ಹೋಗುವ ಮ್ಯಾನಿಫೋಲ್ಡ್, ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿವೆ. ಎಕ್ಸಾಸ್ಟ್ ಮೇಲೇ ಕಾರ್ಬೊರೇಟರ್ ಕೂತಿದೆ. ಕಾರ್ಬೊರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಗೆ ಕಸ ಸಿಕ್ಕಿ ಪೆಟ್ರೋಲ್ ಉಕ್ಕಿದರೂ ಅಲ್ಲಿಗೇ ಬೀಳುತ್ತದೆ, ಪೈಪು ಸೋರಿದರೂ ಅಲ್ಲಿಗೇ. ಇನ್ನೊಂದು ಮಾತು, ಇದು ಎಲ್ಲರಿಗೂ ಗೊತ್ತಿರುವುದಿಲ್ಲ. ಘಾಟಿ ಹತ್ತಿ, ಟೀ ಅಂಗಡಿ ಮುಂದೆ ಎಂಜಿನ್ ಆಫ್ ಮಾಡಿ ನಿಲ್ಲಿಸಿದ ಮೇಲಿನ ಹತ್ತು ನಿಮಿಷವೇ ಅಪಾಯದ ಹೊತ್ತು. ಫ್ಯಾನ್ ನಿಂತಿರುತ್ತದೆ, ಗಾಳಿ ಓಡಾಟ ಇರುವುದಿಲ್ಲ. ಎಂಜಿನ್ನಿನ ಕಾವು ಮೇಲೆ ಏರಿ ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ಕುದಿಯುತ್ತದೆ.

ಫೋಕ್ಸ್‌ವ್ಯಾಗನ್ ಬೀಟಲ್‌ನದು ಬೇರೆ ಕಥೆ. ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ಪೆಟ್ರೋಲ್ ಇಡೀ ಕಾರಿನ ಉದ್ದಕ್ಕೂ ಹಾದು ಬರಬೇಕು. ಎಂಜಿನ್ ಕೋಣೆಯೊಳಗೆ ಪೆಟ್ರೋಲ್ ಪಂಪಿನ ಪಕ್ಕದಲ್ಲೇ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇದೆ, ಅಂದರೆ ಪೆಟ್ರೋಲ್ ಪಕ್ಕದಲ್ಲೇ ಕಿಡಿ. ಕಾರ್ಬೊರೇಟರ್‌ಗೆ ಪೆಟ್ರೋಲ್ ಹೋಗುವ ಹಿತ್ತಾಳೆ ನಳಿಕೆಯನ್ನು ಬರೀ ಒತ್ತಿ ಕೂರಿಸಿರುತ್ತಾರೆ. ವರ್ಷಗಳ ಅದುರಾಟಕ್ಕೆ ಅದು ಸಡಿಲಾಗಿ ಪೈಪಿನ ಸಮೇತ ಕಳಚಿ ಬಂದರೆ ಓಡುವ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಬೀಟಲ್ ಇಟ್ಟವರು ಆ ನಳಿಕೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದು ಕೂದಲೆಳೆ ಅಲುಗಿದರೂ ಕಾರು ಹೊರಗೆ ತೆಗೆಯಬೇಡಿ.

ಇನ್ನು ತಂತಿಗಳು. ಆ ಕಾಲದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಬಹುಪಾಲು ಇದ್ದದ್ದು ಎರಡೇ ಫ್ಯೂಸು. ಹೆಡ್‌ಲೈಟ್, ಇಗ್ನಿಷನ್ ಕಡೆಯ ತಂತಿಗಳಿಗೆ ಫ್ಯೂಸಿನ ಕಾವಲೇ ಇರಲಿಲ್ಲ. 50 ವರ್ಷ ಹಳೆಯ ತಂತಿಯ ಸಿಪ್ಪೆ ಒಡೆದು ಬಾಡಿಗೆ ತಾಗಿದರೆ ತಡೆಯಲು ಏನೂ ಇಲ್ಲ, ತಂತಿಯೇ ಕೆಂಪಗೆ ಕಾದು ಉರಿಯಬೇಕು.

ಪೈಪು: ಇಲ್ಲಿ ಮಾತ್ರ ಜಿಪುಣತನ ಬೇಡ

ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಸಾದಾ ಕರಿ ರಬ್ಬರ್ ಪೈಪು ನೈಟ್ರೈಲ್ ರಬ್ಬರಿನದು. ಹಿಂದಿನ ಪೆಟ್ರೋಲ್‌ಗೆ ಅದು ಸಾಕಾಗುತ್ತಿತ್ತು. ಈಗ ಬಂಕ್‌ನಲ್ಲಿ ಹಾಕುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಅದು ಹಳೇ ಬಗೆಯ ರಬ್ಬರನ್ನು ಒಳಗಿನಿಂದ ಉಬ್ಬಿಸಿ, ಮೆತ್ತಗೆ ಮಾಡಿ, ಕಾರು ನಿಂತಲ್ಲೇ ನಿಂತು ಒಣಗಿದಾಗ ಬಿರುಕು ಬಿಡಿಸುತ್ತದೆ. ಪಂಪಿನ ಡಯಾಫ್ರಾಮ್, ಕಾರ್ಬೊರೇಟರ್ ಗ್ಯಾಸ್ಕೆಟ್‌ಗಳಿಗೂ ಇದೇ ಗತಿ. ನಮ್ಮ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಪೆಟ್ಟು ಇನ್ನೂ ಜೋರು.

ಇದರ ಬದಲು ಮೈಮೇಲೆ ‘ಎಸ್‌ಎಇ ಜೆ30 ಆರ್9’ ಅಂತ ಅಚ್ಚಾಗಿರುವ ಪೈಪು ಕೇಳಿ. ಇದರ ಒಳಪದರ ಫ್ಲೋರೊ ರಬ್ಬರಿನದು, ಎಥನಾಲ್‌ಗೆ ಬಗ್ಗುವುದಿಲ್ಲ. ಬೆಲೆ ಸಾದಾ ಪೈಪಿನ ಹಲವು ಪಟ್ಟು. ಆದರೆ ಒಂದು ಅಂಬಾಸಿಡರ್‌ಗೆ ಬೇಕಾಗುವುದು ಒಂದೋ ಎರಡೋ ಮೀಟರ್. ಆರ್6, ಆರ್7 ಅಂತ ಬರೆದದ್ದು ಹಳೇ ಬಗೆ, ಬೇಡ. ಏನೂ ಬರೆಯದೇ ಇರುವ ಪೈಪನ್ನು ಯಾರು ಎಷ್ಟೇ ಹೊಗಳಿದರೂ ಮುಟ್ಟಬೇಡಿ. ನಾನು ಮೋಸ ಹೋದದ್ದು ಅದರಲ್ಲೇ.

ನೋಡಲು ಚಂದ ಕಾಣುವ, ಮೇಲೆ ಬಟ್ಟೆ ಅಥವಾ ಸ್ಟೀಲ್ ಜಾಲರಿ ನೇಯ್ದ ಪೈಪುಗಳೂ ಇವೆ. ಕಾರ್ ರ್‍ಯಾಲಿಯಲ್ಲಿ ಬಾನೆಟ್ ತೆರೆದಾಗ ಹಳೇ ಕಾಲದ ಹಾಗೆಯೇ ಕಾಣುತ್ತದೆ, ನಿಜ. ಆದರೆ ಒಳಗಿನ ರಬ್ಬರ್ ಬಿರಿದದ್ದು ಹೊರಗೆ ಗೊತ್ತಾಗುವುದೇ ಇಲ್ಲ. ನನಗೆ ಜಾಲರಿ ಇಲ್ಲದ, ರಬ್ಬರ್ ಕಣ್ಣಿಗೆ ಕಾಣುವ ಆರ್9 ಪೈಪೇ ಇಷ್ಟ. ಹಾಕಿದ ತಿಂಗಳು, ವರ್ಷವನ್ನು ಬಿಳಿ ಪೇಂಟ್ ಪೆನ್ನಿನಲ್ಲಿ ಪೈಪಿನ ಮೇಲೇ ಬರೆದಿದ್ದೇನೆ.

ಕ್ಲಿಪ್ ವಿಷಯಕ್ಕೂ ಎರಡು ಮಾತು. ಹಲ್ಲು ಕೊರೆದ ಪಟ್ಟಿಯ ಸ್ಕ್ರೂ ಕ್ಲಿಪ್ ಬಿಗಿದಾಗ ಆ ಹಲ್ಲುಗಳು ರಬ್ಬರನ್ನು ಕೊಯ್ಯುತ್ತವೆ. ಒಳಮೈ ನುಣುಪಾಗಿರುವ, ನಟ್-ಬೋಲ್ಟಿನಿಂದ ಬಿಗಿಯುವ ಕ್ಲಿಪ್ ಸಿಗುತ್ತದೆ. ಅದನ್ನೇ ಹಾಕಿ. ಎಂಜಿನ್ ಮೇಲೆ ನೇತಾಡುವ ಪ್ಲಾಸ್ಟಿಕ್ ಅಥವಾ ಗಾಜಿನ ಫಿಲ್ಟರ್ ಇದ್ದರೆ ತೆಗೆದು ಟ್ಯಾಂಕಿನ ಕಡೆಗೆ, ಕಾವು ತಟ್ಟದ ಜಾಗಕ್ಕೆ ಸಾಗಿಸಿ. ಬೀಟಲ್‌ನಲ್ಲಂತೂ ಇದು ಇವತ್ತೇ ಆಗಬೇಕಾದ ಕೆಲಸ. ಆ ಫಿಲ್ಟರಿನ ಭಾರಕ್ಕೇ ಪೈಪು ಜಗ್ಗಿ ನಳಿಕೆ ಸಡಿಲಾಗುತ್ತದೆ.

ಹಳೇ ಮೆಕ್ಯಾನಿಕಲ್ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿಸುವವರು ಒಂದು ವಿಷಯ ಯೋಚಿಸಿ. ಮೆಕ್ಯಾನಿಕಲ್ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಗಲ್ಲ, ಕೀ ಆನ್ ಇರುವವರೆಗೂ ಬೆಂಕಿಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಾಕಿಸಲೇಬೇಕು ಅಂದರೆ ಗುದ್ದಿದಾಗ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್, ಎಂಜಿನ್ ನಿಂತಾಗ ಪಂಪ್ ನಿಲ್ಲಿಸುವ ರಿಲೇ, ಎರಡೂ ಜೊತೆಗಿರಲಿ.

ಬ್ಯಾಟರಿ ಕಡಿಯುವ ಸ್ವಿಚ್

ಅಗ್ಗದ್ದು ಬ್ಯಾಟರಿ ಟರ್ಮಿನಲ್ ಮೇಲೇ ಕೂರುವ, ಹಸಿರು ಗುಂಡಿಯ ಸ್ವಿಚ್. ಗುಂಡಿ ತಿರುಗಿಸಿದರೆ ಕರೆಂಟ್ ಕಡಿದುಹೋಗುತ್ತದೆ. ಕಾರು ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತಿರುವಾಗ ಇದಕ್ಕಿಂತ ಒಳ್ಳೆಯದು ಬೇಡ. ರಾತ್ರಿ ಯಾವುದೋ ತಂತಿ ಶಾರ್ಟ್ ಆಗಿ ಮನೆಗೂ ಬೆಂಕಿ ತಗಲುವ ಭಯ ಇರುವುದಿಲ್ಲ. ಆದರೆ ದಾರಿಯಲ್ಲಿ ಎಂಜಿನ್ ಉರಿಯುವಾಗ ಇದು ಪ್ರಯೋಜನಕ್ಕೆ ಬಾರದು. ಬ್ಯಾಟರಿ ಬಾನೆಟ್ ಕೆಳಗಿದ್ದರೆ ಸ್ವಿಚ್ ಇರುವುದೂ ಬೆಂಕಿಯ ಪಕ್ಕದಲ್ಲೇ.

ಎರಡನೆಯದು ಕೆಂಪು ಕೀ ಇರುವ ಸ್ವಿಚ್. ದಪ್ಪ ಕೇಬಲ್ ಎಳೆದು ಡ್ರೈವರ್ ಕೈಗೆ ಸಿಗುವ ಹಾಗೆ ಕೂರಿಸಬಹುದು. ನಾನು ಹಾಕಿಸಿರುವುದು ಇದನ್ನೇ, ಸೀಟಿನ ಬುಡದಲ್ಲಿ. ಅರ್ತ್ ಕಡೆಯ, ಅಂದರೆ ಬ್ಯಾಟರಿಯಿಂದ ಬಾಡಿಗೆ ಹೋಗುವ ಕೇಬಲ್ಲಿಗೆ ಹಾಕಿಸಿದರೆ ಸ್ವಿಚ್ಚಿನ ಬಳಿ ತಂತಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಒಂದು ಎಚ್ಚರ: ಎಂಜಿನ್ ಓಡುತ್ತಿರುವಾಗ ಈ ಸ್ವಿಚ್ ಮಾತ್ರ ತಿರುಗಿಸಿದರೆ ಎಂಜಿನ್ ನಿಲ್ಲದೇ ಇರಬಹುದು. ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕರೆಂಟ್ ಕೊಡುತ್ತಲೇ ಇರುತ್ತದೆ, ಜೊತೆಗೆ ಅದರ ಡಯೋಡುಗಳೂ ಸುಡಬಹುದು. ಹಾಗಾಗಿ ಮೊದಲು ಇಗ್ನಿಷನ್ ಕೀ, ಆಮೇಲೆ ಕೆಂಪು ಕೀ. ರೇಸ್ ಕಾರುಗಳಿಗೆ ಬಳಸುವ ಆರು ಟರ್ಮಿನಲ್ಲಿನ ಸ್ವಿಚ್ ಈ ತೊಂದರೆಯನ್ನೂ ನೀಗಿಸುತ್ತದೆ, ಇಗ್ನಿಷನ್ ಮತ್ತು ಬ್ಯಾಟರಿ ಎರಡನ್ನೂ ಒಂದೇ ಸಲ ಕಡಿಯುತ್ತದೆ. ರ್‍ಯಾಲಿಗೆ ಹೋಗುವವರಿಗೆ ಅದೇ ಸರಿ. ಭಾನುವಾರದ ಸುತ್ತಾಟಕ್ಕೆ ಎರಡನೆಯದು ಸಾಕು.

ರಿಮೋಟ್ ಸ್ವಿಚ್ಚೂ ಬರುತ್ತದೆ. ಬೆಂಕಿಯ ಹೊತ್ತಲ್ಲಿ ರಿಮೋಟ್ ಹುಡುಕುತ್ತಾ ಕೂರಲು ಆಗುತ್ತದಾ? ಬೇಡ.

ಬೀಟಲ್‌ನವರಿಗೆ ಇನ್ನೊಂದು. ಆ ಕಾರಿನ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಭಾರದವರು ಕೂತಾಗ ಸೀಟಿನ ಸ್ಪ್ರಿಂಗ್ ತಗ್ಗಿ ಟರ್ಮಿನಲ್ಲಿಗೆ ತಾಗಿ, ಕಿಡಿ ಹಾರಿ, ಸೀಟಿನೊಳಗಿನ ನಾರು ಹೊತ್ತಿಕೊಂಡ ಕಾರುಗಳು ಒಂದೆರಡಲ್ಲ. ಕಂಪನಿ ಕೊಟ್ಟಿದ್ದ ಬ್ಯಾಟರಿ ಮುಚ್ಚಳ ಕಳೆದುಹೋಗಿದ್ದರೆ ದಪ್ಪ ರಬ್ಬರ್ ಹಾಳೆಯಾದರೂ ಮೇಲೆ ಹಾಸಿ ಕಟ್ಟಿ.

ಸಿಲಿಂಡರ್: ತೂಗಿ ನೋಡಬೇಕಾದದ್ದು ಇಲ್ಲಿ

ನಮ್ಮಲ್ಲಿ ಎಲ್ಲ ಊರಲ್ಲೂ ಸಿಗುವುದು ಎಬಿಸಿ ಪೌಡರ್. ಒಳಗಿರುವುದು ಮೋನೋ ಅಮೋನಿಯಂ ಫಾಸ್ಫೇಟ್ ಪುಡಿ. ಪೆಟ್ರೋಲ್, ತಂತಿ, ಸೀಟಿನ ಬಟ್ಟೆ ಮೂರಕ್ಕೂ ಆಗುತ್ತದೆ. ಗಾಳಿ ಬೀಸುತ್ತಿದ್ದರೂ ಕೆಲಸ ಮಾಡುತ್ತದೆ. ಬೆಂಕಿಯನ್ನು ಬೀಳಿಸುವ ಶಕ್ತಿಯಲ್ಲಿ, ಕೊಟ್ಟ ದುಡ್ಡಿಗೆ, ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಆ ಹಳದಿ ಪುಡಿ ಹೋಗದ ಸಂದಿಯಿಲ್ಲ. ಬಿಸಿ ಲೋಹದ ಮೇಲೆ ಕರಗಿ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ತೇವ ತಗುಲಿದರೆ ಆಮ್ಲವಾಗಿ ಅಲ್ಯೂಮಿನಿಯಂ, ತಾಮ್ರ ಎರಡನ್ನೂ ತಿನ್ನುತ್ತದೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದ ಗಾಳಿಯಲ್ಲಿ ಹಾಗೇ ಬಿಟ್ಟರೆ ಕಾರ್ಬೊರೇಟರ್ ಕಥೆ ಮುಗಿಯಿತು. ಬೆಂಕಿ ಆರಿ ತಣ್ಣಗಾದ ಮೇಲೆ ಮೊದಲು ಒಣ ಬ್ರಷ್ ಮತ್ತು ವ್ಯಾಕ್ಯೂಮ್, ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರು. ಅದೇ ದಿನ ಮಾಡಬೇಕು, ಮುಂದಿನ ವಾರ ಅನ್ನಬಾರದು.

ಹಳಬರು ಡಿಸಿಪಿ ಅನ್ನುವ ‘ಬಿ.ಸಿ.’ ಪೌಡರ್ ಅಡುಗೆ ಸೋಡಾ ಜಾತಿಯದು. ತೊಳೆಯುವುದು ಸುಲಭ, ತುಕ್ಕಿನ ಕಾಟ ಕಡಿಮೆ. ಪೆಟ್ರೋಲ್ ಬೆಂಕಿಗೆ ಚೆನ್ನಾಗಿಯೇ ಆಗುತ್ತದೆ. ಆದರೆ ಸೀಟು, ಕಾರ್ಪೆಟ್ ಹೊತ್ತಿಕೊಂಡರೆ ಕೈಕೊಡುತ್ತದೆ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕಲೆ ಉಳಿಸುವುದಿಲ್ಲ ಅಂತ ಬಹಳ ಜನ ಆಸೆಪಡುತ್ತಾರೆ. ನಾನೂ ಪಟ್ಟಿದ್ದೆ. ಎರಡು ಕೆಜಿ ಗ್ಯಾಸಿಗೆ ಸಿಲಿಂಡರ್ ಸೇರಿ ಐದಾರು ಕೆಜಿ ಹೊರಬೇಕು. ತೆರೆದ ಜಾಗದಲ್ಲಿ ಗ್ಯಾಸ್ ಹಾರಿಹೋಗುತ್ತದೆ, ಮ್ಯಾನಿಫೋಲ್ಡ್ ತಣಿಯುವುದಿಲ್ಲ, ಬೆಂಕಿ ಮತ್ತೆ ಹತ್ತುತ್ತದೆ. 31 ಡಿಗ್ರಿ ದಾಟಿದರೆ ಒಳಗೆ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಏರುತ್ತಾ ಹೋಗುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಇಡಲು ನನಗೆ ಮನಸ್ಸಿಲ್ಲ. ಇದನ್ನು ಶೆಡ್ಡಿನ ಗೋಡೆಗೆ ತೂಗುಹಾಕಿ, ಟ್ಯೂನಿಂಗ್ ಮಾಡುವಾಗ ಪಕ್ಕದಲ್ಲಿರಲಿ. ಅಲ್ಲಿ ಅದು ಚಿನ್ನ.

ಕ್ಲೀನ್ ಏಜೆಂಟ್ ಅಂತ ಮಾರುವುದು ಗ್ಯಾಸಾಗಿ ಆವಿಯಾಗಿಬಿಡುವ ಬಗೆ. ಹೆಚ್ಚಾಗಿ ಎಚ್‌ಎಫ್‌ಸಿ-236ಎಫ್‌ಎ ಅಥವಾ ಎಫ್‌ಕೆ-5-1-12 ಅನ್ನುವ ಹೆಸರು ಲೇಬಲ್ಲಿನಲ್ಲಿ ಇರುತ್ತದೆ. ಹಿಂದೆ ಎಲ್ಲರೂ ಮೆಚ್ಚಿದ್ದ ಹ್ಯಾಲಾನ್ 1211ರ ಜಾಗಕ್ಕೆ ಬಂದದ್ದು ಇವು. ಓಜೋನ್ ಪದರ ಹಾಳುಮಾಡುತ್ತದೆಂದು ಹ್ಯಾಲಾನ್ ತಯಾರಿಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ನಮ್ಮಂಥ ದೇಶಗಳಲ್ಲೂ ನಿಂತಿತು. ಕ್ಲೀನ್ ಏಜೆಂಟ್ ಪುಡಿ ಉಳಿಸುವುದಿಲ್ಲ, ಕ್ರೋಮ್, ತಂತಿ, ಕಾರ್ಬೊರೇಟರ್ ಯಾವುದಕ್ಕೂ ಹಾನಿಯಿಲ್ಲ. ಬೆಲೆ ಮಾತ್ರ ಪೌಡರಿನ ಹಲವು ಪಟ್ಟು. ರೀಫಿಲ್‌ಗೆ ದೊಡ್ಡ ಊರಿಗೇ ಹೋಗಬೇಕು. ಅದೇ ತೂಕದ ಪೌಡರಿಗೆ ಹೋಲಿಸಿದರೆ ಪೆಟ್ರೋಲ್ ಬೆಂಕಿಯ ಮೇಲೆ ಇದರ ಏಟು ಕಡಿಮೆ, ಗಾಳಿಗೆ ಚದುರುತ್ತದೆ ಕೂಡ.

ಫೋಮ್ ಪೆಟ್ರೋಲ್ ಬೆಂಕಿಗೆ ಬಹಳ ಒಳ್ಳೆಯದು. ಮೇಲೆ ಪದರ ಕಟ್ಟಿ ಆವಿಯನ್ನೇ ಅದುಮುತ್ತದೆ, ಲೋಹವನ್ನೂ ತಣಿಸುತ್ತದೆ. ರೇಸ್ ಕಾರುಗಳಲ್ಲಿ ಪೈಪ್ ಎಳೆದು ಕೂರಿಸುವ ವ್ಯವಸ್ಥೆಗಳಲ್ಲಿ ಇದನ್ನು ಬಳಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಒಂಬತ್ತು ಲೀಟರಿನದು, ಕಾರಿಗೆ ಒಗ್ಗದು. ಎರಡು ಲೀಟರಿನದು ಸಿಕ್ಕರೆ ಖಂಡಿತ ತನ್ನಿ. ಬೆಂಕಿಗೆ ಎಸೆಯುವ ಚೆಂಡು ಬಾನೆಟ್ ಒಳಗೆ ಹೋಗುವುದೇ ಇಲ್ಲ, ಅದನ್ನು ಬಿಟ್ಟುಬಿಡಿ.

ಹಾಗಾದರೆ ಯಾವುದು? ಒಂದೇ ಕೊಳ್ಳುವುದಾದರೆ ಎರಡು ಕೆಜಿ ಎಬಿಸಿ ಪೌಡರ್, ಐಎಸ್ 15683 ಸಂಖ್ಯೆ ಮತ್ತು ಐಎಸ್‌ಐ ಗುರುತು ಇರುವುದು. ಒಂದು ಕೆಜಿಯದು ಸಾಲದು. ಪುಡಿಯಿಂದ ಕಾರ್ಬೊರೇಟರ್ ಹಾಳಾಗುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಕಾರ್ಬೊರೇಟರ್ ಹುಡುಕಿ ತರಬಹುದು, ಅಪ್ಪ ಓಡಿಸುತ್ತಿದ್ದ ಕಾರನ್ನು ತರಲು ಆಗುವುದಿಲ್ಲ. ಎರಡು ಕೊಳ್ಳಲು ಅನುಕೂಲವಿದ್ದರೆ ಮೊದಲು ಹೊಡೆಯಲು ಕ್ಲೀನ್ ಏಜೆಂಟ್, ಅದಕ್ಕೆ ಬಗ್ಗದಿದ್ದರೆ ಪೌಡರ್. ಈಗ ನನ್ನ ಕಾರಲ್ಲಿ ಹಾಗೇ ಇದೆ.

ತಾನೇ ಕೆಲಸ ಮಾಡುವ ಟ್ಯೂಬಿನ ಬಗ್ಗೆಯೂ ಕೇಳುತ್ತಾರೆ. ಎಂಜಿನ್ ಮೇಲೆ ಹಾಯಿಸಿದ ಪ್ಲಾಸ್ಟಿಕ್ ಟ್ಯೂಬು ಬೆಂಕಿ ತಾಗಿದ ಜಾಗದಲ್ಲಿ ಕರಗಿ ತೂತಾಗಿ, ಅಲ್ಲಿಂದಲೇ ಗ್ಯಾಸ್ ಚಿಮ್ಮುತ್ತದೆ. ಬಸ್ಸುಗಳ ಎಂಜಿನ್ ಕೋಣೆಗೆ ಇಂಥ ವ್ಯವಸ್ಥೆಗಾಗಿ ನಮ್ಮಲ್ಲಿ ಎಐಎಸ್-135 ಅನ್ನುವ ಮಾನದಂಡವೇ ಇದೆ. ಬೀಟಲ್‌ನ ಎಂಜಿನ್ ಕೋಣೆ ಸುತ್ತ ತಗಡು ಮುಚ್ಚಿದ್ದು, ಅಲ್ಲಿ ಗ್ಯಾಸ್ ನಿಲ್ಲುತ್ತದೆ. ಬೀಟಲ್‌ಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ, ಬೆಂಕಿ ಹಿಂದೆ ಇರುವುದರಿಂದ ಡ್ರೈವರ್‌ಗೆ ತಡವಾಗಿ ಗೊತ್ತಾಗುತ್ತದೆ ಅನ್ನುವ ಕಾರಣಕ್ಕೂ. ಅಂಬಾಸಿಡರ್‌ನ ಬಾನೆಟ್ ಕೆಳಗೆ ತಳವೇ ತೆರೆದಿದೆ. ಅಲ್ಲಿ ಅರ್ಧ ಗ್ಯಾಸ್ ರಸ್ತೆಗೆ ಹೋಗುತ್ತದೆ.

ಎಲ್ಲಿ ಇಡಬೇಕು, ಹೇಗೆ ಹೊಡೆಯಬೇಕು

ಡಿಕ್ಕಿಯಲ್ಲಿ ಇಡಬೇಡಿ. ಮುಂದಿನ ಸೀಟಿನ ಬುಡದಲ್ಲಿ, ಲೋಹದ ಬ್ರ್ಯಾಕೆಟ್ಟಿನಲ್ಲಿ, ಕೂತಲ್ಲಿಂದಲೇ ಕೈಗೆ ಸಿಗಬೇಕು. ಪ್ಲಾಸ್ಟಿಕ್ ಬ್ರ್ಯಾಕೆಟ್ ಜೋರಾಗಿ ಬ್ರೇಕ್ ಹಾಕಿದಾಗ ಮುರಿದು, ಸಿಲಿಂಡರ್ ಉರುಳಿ ಪೆಡಲ್ ಕೆಳಗೆ ಸೇರಿಕೊಳ್ಳಬಹುದು.

ಹೊಗೆ ಕಂಡರೆ ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆಫ್, ಹ್ಯಾಂಡ್‌ಬ್ರೇಕ್, ಎಲ್ಲರೂ ಇಳಿದು ದೂರ. ಒಬ್ಬರು 112ಕ್ಕೆ ಫೋನ್ ಮಾಡಲಿ. ಕೆಂಪು ಕೀ ತಿರುಗಿಸಿ. ಆಮೇಲೆ ಬಾನೆಟ್. ಅದನ್ನು ಪೂರ್ತಿ ಎತ್ತಬೇಡಿ. ಎತ್ತಿದರೆ ಒಳಗೆ ಗಾಳಿ ನುಗ್ಗಿ ಬೆಂಕಿ ಮುಖಕ್ಕೇ ಹಾರುತ್ತದೆ. ಲಾಕ್ ಬಿಟ್ಟ ಮೇಲೆ ಉಳಿಯುವ ಎರಡು ಬೆರಳಿನಷ್ಟು ಸಂದಿಯಿಂದ, ಇಲ್ಲವೇ ಗ್ರಿಲ್‌ನಿಂದ, ಚಕ್ರದ ಕಡೆಯಿಂದ ಒಳಗೆ ಹೊಡೆಯಿರಿ. ಬೀಟಲ್ ಆದರೆ ಹಿಂದಿನ ಗಾಜಿನ ಕೆಳಗಿನ ಕಿಂಡಿಗಳಿಂದ. ಜ್ವಾಲೆಯ ತುದಿಗಲ್ಲ, ಬುಡಕ್ಕೆ. ಎಲ್ಲ ಒಂದೇ ಸಲ ಖಾಲಿ ಮಾಡದೆ ಕೊನೆಗೆ ಸ್ವಲ್ಪ ಉಳಿಸಿಕೊಂಡು ಕಾಯಿರಿ. ನೀರು ಹಾಕಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಹರಡುತ್ತದೆ. ಬೀಟಲ್‌ನ ಎಂಜಿನ್ ಕೇಸು ಮೆಗ್ನೀಸಿಯಂ ಮಿಶ್ರಲೋಹದ್ದು. ಅದೇ ಹೊತ್ತಿಕೊಂಡು ಕಣ್ಣು ಕುಕ್ಕುವ ಬಿಳಿ ಬೆಳಕು ಕಂಡರೆ ನಿಮ್ಮ ಸಿಲಿಂಡರಿನಿಂದ ಏನೂ ಆಗದು, ನೀರು ಬಿದ್ದರೆ ಇನ್ನೂ ಭುಗಿಲೇಳುತ್ತದೆ. ದೂರ ಹೋಗಿ, ಫೈರ್ ಎಂಜಿನ್ ಬಂದ ತಕ್ಷಣ ಇದು ಮೆಗ್ನೀಸಿಯಂ ಅಂತ ಅವರಿಗೆ ಹೇಳಿ.

ಸಿಲಿಂಡರ್ ಖಾಲಿಯಾದ ಮೇಲೂ ಬೆಂಕಿ ಉಳಿದಿದ್ದರೆ ಕಾರನ್ನು ಬಿಟ್ಟುಬಿಡಿ. ಬರೆಯುವಾಗಲೂ ಹೊಟ್ಟೆ ಕಿವುಚುತ್ತದೆ. ಆದರೂ ಬಿಟ್ಟುಬಿಡಿ.

ತಿಂಗಳ ಮೊದಲ ಭಾನುವಾರ ನಾನು ಬ್ರ್ಯಾಕೆಟ್ಟಿನಿಂದ ಎರಡೂ ಸಿಲಿಂಡರ್ ತೆಗೆದು ಮುಳ್ಳು ನೋಡುತ್ತೇನೆ. ಪೌಡರಿನದನ್ನು ತಲೆಕೆಳಗು ಮಾಡಿ ಕಿವಿ ಹತ್ತಿರ ಹಿಡಿಯುತ್ತೇನೆ. ಕಾರಿನ ಅದುರಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಹಾಗಾದರೆ ಮುಳ್ಳು ಹಸಿರಲ್ಲಿದ್ದರೂ ಪುಡಿ ಹೊರಗೆ ಬರುವುದಿಲ್ಲ. ಮರಳು ಜಾರಿದ ಹಾಗೆ ಸರ್ರೆಂದು ಸದ್ದು ಬರಬೇಕು. ಬರದಿದ್ದರೆ ಬುಡಕ್ಕೆ ಅಂಗೈಯಲ್ಲಿ ನಾಲ್ಕು ಏಟು ಹಾಕಿ ಮತ್ತೆ ಕೇಳುತ್ತೇನೆ. ಆಮೇಲೆ ಹೆಂಡತಿ, ಮಗಳು ಇಬ್ಬರೂ ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬ್ರ್ಯಾಕೆಟ್ ಬಿಚ್ಚಿ ಸಿಲಿಂಡರ್ ಕೈಗೆ ತೆಗೆದುಕೊಳ್ಳುತ್ತಾರೆ. ಮಗಳಿಗೆ ಈಗ ಮೂರು ಸೆಕೆಂಡ್ ಸಾಕು.